ರಕ್ತದ ಸಾಕ್ಷಿ, ಉಸಿರಿನ ಸಾಕ್ಷಿ

ಸ್ಪೇನಿನ ಪಾಂಪ್ಲೋನಾ ನಗರದಲ್ಲಿರುವ ನವಾರಾ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪುಟ್ಟದೊಂದು ಅಧ್ಯಯನ ಪ್ರಕಟಿಸಿದರು. ಹೃದಯ ವೈಫಲ್ಯದಿಂದ ಬಳಲುತ್ತಿದ್ದ 36 ಮಂದಿ ಅದರಲ್ಲಿದ್ದರು. ಮೈಯಲ್ಲಿ ನಿಂತ ನೀರನ್ನು ಮೂತ್ರದ ಮೂಲಕ ಹೊರಹಾಕುವ ಮಾತ್ರೆ ಅವರೆಲ್ಲರಿಗೂ ಬೇಕಿತ್ತು. 19 ಜನರಿಗೆ ಟಾರ್ಸೆಮೈಡ್ ಕೊಟ್ಟರು, 17 ಜನರಿಗೆ ಫ್ಯೂರೊಸೆಮೈಡ್. ಚಿಕಿತ್ಸೆಗೆ ಮೊದಲೊಮ್ಮೆ, ಎಂಟು ತಿಂಗಳ ಬಳಿಕ ಇನ್ನೊಮ್ಮೆ ಹೃದಯದ ಸ್ನಾಯುವಿನಿಂದ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಟಾರ್ಸೆಮೈಡ್ ತೆಗೆದುಕೊಂಡವರ ಹೃದಯವನ್ನು ಬಿಗಿಗೊಳಿಸಿದ್ದ ನಾರಿನಂಶ ಕಡಿಮೆಯಾಗಿತ್ತು. ಕೊಲಾಜೆನ್ ತಯಾರಾಗುವಾಗ ರಕ್ತಕ್ಕೆ ಸೇರುವ ಪಿಐಸಿಪಿ ಎಂಬ ತುಣುಕಿನ ಮಟ್ಟವೂ ಅದರೊಂದಿಗೆ ಇಳಿದಿತ್ತು. ಫ್ಯೂರೊಸೆಮೈಡ್ ಗುಂಪಿನಲ್ಲಿ ಇವೆರಡೂ ಕಾಣಲಿಲ್ಲ.

ಅದಕ್ಕೆ ಎರಡು ವರ್ಷ ಹಿಂದೆ, 2002ರಲ್ಲಿ, ಸ್ಪೇನಿನಿಂದಲೇ ‘ಟೋರಿಕ್’ ಎಂಬ ಅಧ್ಯಯನ ಬಂದಿತ್ತು. 1,377 ರೋಗಿಗಳನ್ನು ಒಂದು ವರ್ಷ ಗಮನಿಸಿದಾಗ ಟಾರ್ಸೆಮೈಡ್ ಪಡೆದವರಲ್ಲಿ ಶೇ. 2.2ರಷ್ಟು ಜನ ತೀರಿಕೊಂಡಿದ್ದರು. ಫ್ಯೂರೊಸೆಮೈಡ್ ಮತ್ತಿತರ ಮೂತ್ರವರ್ಧಕ ಪಡೆದವರಲ್ಲಿ ಶೇ. 4.5ರಷ್ಟು. ರಕ್ತದ ಗುರುತೂ ಸಾವಿನ ಲೆಕ್ಕವೂ ಒಂದೇ ಕಡೆಗೆ ಕೈ ತೋರಿಸುತ್ತಿದ್ದವು. ಜಗತ್ತಿನ ಅನೇಕ ಹೃದ್ರೋಗ ತಜ್ಞರು ಟಾರ್ಸೆಮೈಡ್ ಕಡೆಗೆ ವಾಲಿದ್ದರಲ್ಲಿ ಅಚ್ಚರಿಯೇನಿಲ್ಲ.

ಹಾಗೆ ವಾಲಲು ಬೇರೆ ಕಾರಣಗಳೂ ಇದ್ದವು. ಫ್ಯೂರೊಸೆಮೈಡ್ 1960ರ ದಶಕದಲ್ಲಿ ಜರ್ಮನಿಯ ಹೆಕ್ಸ್ಟ್ ಕಂಪನಿಯಿಂದ ಲ್ಯಾಸಿಕ್ಸ್ ಎಂಬ ಹೆಸರಿನಲ್ಲಿ ಬಂದ ಔಷಧ. ಎರಡು ಮಾತ್ರೆಗಳೂ ಕೆಲಸ ಮಾಡುವುದು ಮೂತ್ರಪಿಂಡದೊಳಗಿನ ಹೆನ್ಲೆ ಕುಣಿಕೆಯಲ್ಲೇ. ಅಲ್ಲಿ ಉಪ್ಪನ್ನು ಮರಳಿ ರಕ್ತಕ್ಕೆ ಎಳೆದುಕೊಳ್ಳುವ ಪ್ರೋಟೀನನ್ನು ಅವು ತಡೆಯುತ್ತವೆ. ಉಪ್ಪು ಮೂತ್ರದಲ್ಲಿ ಉಳಿಯುತ್ತದೆ, ಅದರ ಜೊತೆಗೆ ನೀರೂ ಹೋಗುತ್ತದೆ. ಆದರೆ ನುಂಗಿದ ಫ್ಯೂರೊಸೆಮೈಡ್ ಎಷ್ಟು ರಕ್ತ ಸೇರುತ್ತದೆಂದು ಹೇಳುವುದು ಕಷ್ಟ. ಒಬ್ಬರಲ್ಲಿ ಹತ್ತನೇ ಒಂದು ಪಾಲು, ಇನ್ನೊಬ್ಬರಲ್ಲಿ ಹೆಚ್ಚುಕಡಿಮೆ ಪೂರ್ತಿ. ಟಾರ್ಸೆಮೈಡ್ ಶೇ. 80ಕ್ಕಿಂತ ಹೆಚ್ಚು ಹೀರಲ್ಪಡುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ. ಉಪ್ಪು ಹಿಡಿದಿಡುವ ಆಲ್ಡೊಸ್ಟೆರೋನ್ ಹಾರ್ಮೋನನ್ನೂ ಅದು ಸ್ವಲ್ಪ ತಗ್ಗಿಸಬಹುದೆಂಬ ಊಹೆಯಿತ್ತು. ಕಾರಣ, ಗುರುತು, ಫಲ ಮೂರೂ ಒಂದೇ ಸಾಲಿನಲ್ಲಿ ನಿಂತಂತೆ ಕಂಡಿತು.

ಆ ಸಾಲು ಮುರಿದದ್ದು 2023ರ ಜನವರಿಯಲ್ಲಿ. ಅಮೆರಿಕದ 60 ಆಸ್ಪತ್ರೆಗಳಲ್ಲಿ, ಹೃದಯ ವೈಫಲ್ಯಕ್ಕೆಂದು ದಾಖಲಾಗಿದ್ದ 2,859 ಜನರನ್ನು ಯಾರ ಆಯ್ಕೆಗೂ ಬಿಡದೆ ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿದ್ದ ‘ಟ್ರಾನ್ಸ್‌ಫಾರ್ಮ್-ಎಚ್‌ಎಫ್’ ಪ್ರಯೋಗದ ಫಲಿತಾಂಶ ಆಗ ಪ್ರಕಟವಾಯಿತು. ಸುಮಾರು ಹದಿನೇಳೂವರೆ ತಿಂಗಳ ಅವಧಿಯಲ್ಲಿ ಟಾರ್ಸೆಮೈಡ್ ಗುಂಪಿನಲ್ಲಿ 373 ಜನ, ಫ್ಯೂರೊಸೆಮೈಡ್ ಗುಂಪಿನಲ್ಲಿ 374 ಜನ ತೀರಿಕೊಂಡಿದ್ದರು. ಶೇ. 26.1 ಮತ್ತು ಶೇ. 26.2. ಪ್ರಯೋಗದ ನಡುವೆ ಕೆಲವರು ಒಂದು ಮಾತ್ರೆ ಬಿಟ್ಟು ಇನ್ನೊಂದಕ್ಕೆ ಬದಲಾಗಿದ್ದರು, ಕೆಲವರು ಮೂತ್ರವರ್ಧಕವನ್ನೇ ನಿಲ್ಲಿಸಿದ್ದರು ಎಂಬ ಮಿತಿ ಇದ್ದದ್ದು ನಿಜ. ಆದರೂ ದೊಡ್ಡ ಅಂತರವೊಂದು ಅಡಗಿದೆ ಎಂದು ವಾದಿಸಲು ಈ ಅಂಕಿಗಳು ಜಾಗ ಕೊಡುವುದಿಲ್ಲ.

ಹಾಗಾದರೆ ಪಾಂಪ್ಲೋನಾದ ಸೂಕ್ಷ್ಮದರ್ಶಕ ಕಂಡದ್ದೇನು? ಅದು ಸುಳ್ಳು ಹೇಳಿತೆನ್ನಲು ಆಧಾರವಿಲ್ಲ. ಆದರೆ ಕಂಡದ್ದರಿಂದ ಕಾಣದ್ದಕ್ಕೆ ದಾಟುವಾಗ ಎಲ್ಲೋ ಒಂದು ಹೆಜ್ಜೆ ತಪ್ಪಿತ್ತು. ಕಂಡದ್ದನ್ನು ಹಿಡಿದು ಕಾಣದ್ದನ್ನು ತಿಳಿಯುವ ಹಕ್ಕು ಮನುಷ್ಯನಿಗೆ ಯಾವಾಗ ಬರುತ್ತದೆ ಎಂಬುದು ಔಷಧಶಾಸ್ತ್ರ ಹುಟ್ಟುವ ಮೊದಲೇ ಭಾರತದ ತತ್ತ್ವಶಾಸ್ತ್ರ ಶತಮಾನಗಳ ಕಾಲ ಚರ್ಚಿಸಿದ ಪ್ರಶ್ನೆ.

ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರ ಉದಾಹರಣೆ ಎಲ್ಲರಿಗೂ ಗೊತ್ತು. ಬೆಟ್ಟದಲ್ಲಿ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ ಎಂಬ ತಪ್ಪದ ಸಂಬಂಧಕ್ಕೆ ಅವರು ವ್ಯಾಪ್ತಿ ಎಂದರು. ಆದರೆ ಅವರ ನಿಜವಾದ ಜಾಣ್ಮೆ ಕಾಣುವುದು ಇದೇ ವಾಕ್ಯವನ್ನು ತಿರುಗಿಸಿದಾಗ. ಬೆಂಕಿಯಿದೆ, ಆದ್ದರಿಂದ ಹೊಗೆಯೂ ಇರಲೇಬೇಕು ಎಂದರೆ ಅದು ದೋಷ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಏಳಬೇಕಾದರೆ ಹಸಿ ಸೌದೆ ಬೇಕು. ಮಾತಿನಲ್ಲಿ ಬಾರದೆ ಹಿಂದೆ ನಿಂತು ಸಂಬಂಧವನ್ನು ನಡೆಸುವ ಈ ಹಸಿ ಸೌದೆಯಂಥ ಷರತ್ತಿಗೆ ಅವರು ಉಪಾಧಿ ಎಂದು ಹೆಸರಿಟ್ಟರು. ಕಂಡದ್ದರಿಂದ ಕಾಣದ್ದನ್ನು ತಿಳಿಯುವುದನ್ನು ಅವರು ಅನುಮಾನ ಎನ್ನುತ್ತಾರೆ. ಉಪಾಧಿಯನ್ನು ಗಮನಿಸದ ಅನುಮಾನ ಹತ್ತು ಸಲ ನಿಜವಾಗಬಹುದು. ಸೌದೆ ಒಣಗಿದ ದಿನ ಕೈಕೊಡುತ್ತದೆ.

ಹೃದಯ ವೈಫಲ್ಯದ ರಕ್ತಪರೀಕ್ಷೆಗಳಲ್ಲಿ ಇಂದು ಎಲ್ಲರ ಬಾಯಲ್ಲಿರುವುದು ಬಿಎನ್‌ಪಿ ಮತ್ತು ಎನ್‌ಟಿ-ಪ್ರೊಬಿಎನ್‌ಪಿ. ಹೃದಯ ರಕ್ತವನ್ನು ಒತ್ತುವ ಪಂಪು ಮಾತ್ರವಲ್ಲ, ಹಾರ್ಮೋನು ಸುರಿಸುವ ಗ್ರಂಥಿಯೂ ಹೌದೆಂದು ಗೊತ್ತಾದದ್ದು 1981ರಲ್ಲಿ. ಕೆನಡಾದ ಕಿಂಗ್‌ಸ್ಟನ್ ನಗರದಲ್ಲಿ ಅಡಾಲ್ಫೊ ಡಿ ಬೋಲ್ಡ್ ಇಲಿಯ ಹೃತ್ಕರ್ಣದ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿದಾಗ ಅವು ವಿಪರೀತ ಉಪ್ಪು ಮತ್ತು ನೀರನ್ನು ಮೂತ್ರದಲ್ಲಿ ಹೊರಹಾಕಿದವು. 1988ರಲ್ಲಿ ಜಪಾನಿನ ವಿಜ್ಞಾನಿಗಳು ಹಂದಿಯ ಮಿದುಳಿನಲ್ಲಿ ಅದೇ ಬಳಗದ ಇನ್ನೊಂದು ಹಾರ್ಮೋನು ಕಂಡರು, ಅದೇ ಬಿಎನ್‌ಪಿ. ಮನುಷ್ಯನಲ್ಲಿ ಅದು ಮುಖ್ಯವಾಗಿ ಬರುವುದು ಹಿಗ್ಗಿ ಒತ್ತಡಕ್ಕೆ ಸಿಕ್ಕ ಹೃತ್ಕುಕ್ಷಿಯಿಂದ. ಅಂದರೆ ಮೂತ್ರವರ್ಧಕ ಮಾತ್ರೆ ಮಾಡುವ ಕೆಲಸವನ್ನು ದಣಿದ ಹೃದಯ ತಾನೇ ಮಾಡಿಕೊಳ್ಳಲು ಹೆಣಗುತ್ತಿದೆ ಎಂಬುದರ ಗುರುತು ಅದು.

ಈ ಗುರುತಿನಿಂದ ರೋಗಕ್ಕೆ ಹೋಗುವ ಅನುಮಾನ ಗಟ್ಟಿಯಾದದ್ದು. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಏದುಸಿರು ಬಿಡುತ್ತ ತುರ್ತು ಚಿಕಿತ್ಸಾ ಘಟಕಕ್ಕೆ ಬಂದ 1,586 ಜನರ ಬಿಎನ್‌ಪಿ ಅಳೆದರು. ಒಂದು ಮಿಲಿಲೀಟರಿಗೆ 100 ಪಿಕೋಗ್ರಾಂ ಎಂಬ ಗೆರೆಯೊಂದು ಉಬ್ಬಸ ಹೃದಯದ್ದೋ ಅಲ್ಲವೋ ಎಂಬುದನ್ನು ಬಹಳ ಮಟ್ಟಿಗೆ ಬೇರ್ಪಡಿಸಿತು. ಇಲ್ಲೂ ಉಪಾಧಿಗಳಿವೆ: ದಪ್ಪ ಮೈಯವರಲ್ಲಿ ಸಂಖ್ಯೆ ಕೆಳಗಿರುತ್ತದೆ, ವಯಸ್ಸಾದವರಲ್ಲಿ ಮತ್ತು ಮೂತ್ರಪಿಂಡ ಸೋತವರಲ್ಲಿ ಏರುತ್ತದೆ. ಆದರೆ ಅವು ಗೊತ್ತಿರುವ ಉಪಾಧಿಗಳು. ವೈದ್ಯ ಅವನ್ನು ಲೆಕ್ಕಕ್ಕೆ ಹಿಡಿಯಬಲ್ಲ. ಇದು ಹೊಗೆಯಿಂದ ಬೆಂಕಿಗೆ ಹೋಗುವ ದಾರಿ.

ಎರಡು ಔಷಧಗಳನ್ನು ಹೋಲಿಸುವಾಗ ಕೇಳುವ ಪ್ರಶ್ನೆ ಬೇರೆ. ಈ ಮಾತ್ರೆ ಸಂಖ್ಯೆಯನ್ನು ಹೆಚ್ಚು ಇಳಿಸಿತು, ಆದ್ದರಿಂದ ಇದನ್ನು ನುಂಗಿದವರು ಹೆಚ್ಚು ಚೆನ್ನಾಗಿ, ಹೆಚ್ಚು ಕಾಲ ಬದುಕುತ್ತಾರೆ. ಇಲ್ಲಿ ವಾಕ್ಯ ತಿರುಗಿಬಿಟ್ಟಿದೆ. ರೋಗ ಇಳಿದಾಗ ಸಂಖ್ಯೆ ಇಳಿಯುವುದು ಒಂದು ಮಾತು. ಸಂಖ್ಯೆ ಇಳಿಸಿದರೆ ರೋಗ ಇಳಿಯುವುದು ಇನ್ನೊಂದು. ಸಂಖ್ಯೆ ಯಾವ ದಾರಿಯಿಂದ ಇಳಿಯಿತು ಎಂಬುದೇ ಇಲ್ಲಿ ಹಸಿ ಸೌದೆ.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಬೇರೊಂದು ಔಷಧ. 2014ರ ‘ಪ್ಯಾರಾಡೈಮ್-ಎಚ್‌ಎಫ್’ ಪ್ರಯೋಗದಲ್ಲಿ ಸಕುಬಿಟ್ರಿಲ್ ಮತ್ತು ವಾಲ್ಸಾರ್ಟನ್ ಜೋಡಿ ಮಾತ್ರೆಯನ್ನು ಎನಲಾಪ್ರಿಲ್ ಜೊತೆ ಹೋಲಿಸಿದರು. ಹೃದಯ ರಕ್ತನಾಳದ ಕಾರಣದ ಸಾವು ಅಥವಾ ಹೃದಯ ವೈಫಲ್ಯದ ಆಸ್ಪತ್ರೆವಾಸ ಶೇ. 20ರಷ್ಟು ತಗ್ಗಿತು. ಸಕುಬಿಟ್ರಿಲ್ ತಡೆಯುವ ನೆಪ್ರಿಲೈಸಿನ್ ಎಂಬ ಕಿಣ್ವವೇ ಬಿಎನ್‌ಪಿಯನ್ನು ಒಡೆಯುವಂಥದ್ದು. ಹಾಗಾಗಿ ಔಷಧ ತೆಗೆದುಕೊಂಡವರಲ್ಲಿ ಬಿಎನ್‌ಪಿ ಏರಿತು. ಎನ್‌ಟಿ-ಪ್ರೊಬಿಎನ್‌ಪಿಯನ್ನು ಆ ಕಿಣ್ವ ಮುಟ್ಟುವುದಿಲ್ಲ, ಅದು ಇಳಿಯಿತು. ಒಂದೇ ಹೃದಯ, ಒಂದೇ ಔಷಧ, ಒಂದೇ ಮೂಲ ಅಣುವಿನಿಂದ ಹುಟ್ಟಿದ ಎರಡು ತುಣುಕು. ಒಂದು ರೋಗಿ ಹದಗೆಟ್ಟನೆಂದಿತು, ಇನ್ನೊಂದು ಸುಧಾರಿಸಿದನೆಂದಿತು. ಯಾವುದನ್ನು ನಂಬಬೇಕೆಂದು ತೀರ್ಮಾನಿಸಿದ್ದು ಮೂರನೆಯದು: ಬದುಕಿ ಉಳಿದವರ ಲೆಕ್ಕ.

ಮೂತ್ರವರ್ಧಕಗಳ ಲೋಕದಲ್ಲೂ ಇಂಥ ಸಾಕ್ಷಿಗಳ ಜಗಳ ನಡೆದಿದೆ. 2011ರ ‘ಡೋಸ್’ ಪ್ರಯೋಗದಲ್ಲಿ 308 ರೋಗಿಗಳಿಗೆ ಫ್ಯೂರೊಸೆಮೈಡನ್ನು ರಕ್ತನಾಳದ ಮೂಲಕ ಕೊಟ್ಟರು. ಕೆಲವರಿಗೆ ಅವರು ಮನೆಯಲ್ಲಿ ನುಂಗುತ್ತಿದ್ದಷ್ಟೇ, ಕೆಲವರಿಗೆ ಅದರ ಎರಡೂವರೆ ಪಟ್ಟು. ಹೆಚ್ಚು ಕೊಟ್ಟವರಲ್ಲಿ ಎನ್‌ಟಿ-ಪ್ರೊಬಿಎನ್‌ಪಿ ಹೆಚ್ಚು ಇಳಿಯಿತು. ಅದೇ ಜನರಲ್ಲಿ ಮೂತ್ರಪಿಂಡ ಸೋಲುತ್ತಿದೆ ಎಂದು ಹೇಳುವ ಕ್ರಿಯಾಟಿನಿನ್ ಏರಿದವರೂ ಹೆಚ್ಚು: ಶೇ. 23, ಇನ್ನೊಂದು ಗುಂಪಿನಲ್ಲಿ ಶೇ. 14. ಹೃದಯದ ಸೂಚಕವನ್ನು ನಂಬಿದರೆ ಹೆಚ್ಚಿನ ಪ್ರಮಾಣ ಒಳ್ಳೆಯದು, ಮೂತ್ರಪಿಂಡದ ಸೂಚಕವನ್ನು ನಂಬಿದರೆ ಕೆಟ್ಟದ್ದು. 60 ದಿನಗಳ ನಂತರ ಸಾವು ಮತ್ತು ಆಸ್ಪತ್ರೆಗೆ ಮರಳಿದವರನ್ನು ಎಣಿಸಿದಾಗ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವೇ ಇರಲಿಲ್ಲ. ಮೈಯ ನೀರು ಚೆನ್ನಾಗಿ ಇಳಿಯುವಾಗ ಕ್ರಿಯಾಟಿನಿನ್ ತುಸು ಏರಿದರೆ ಅದನ್ನು ಮೂತ್ರಪಿಂಡಕ್ಕೆ ಬಿದ್ದ ಪೆಟ್ಟು ಎಂದೇ ಓದಬೇಕಾಗಿಲ್ಲ ಎಂಬ ಅರಿವು ಹೃದ್ರೋಗ ತಜ್ಞರಲ್ಲಿ ಬೇರೂರಿದ್ದು ಇಂಥ ಅನುಭವಗಳಿಂದ.

ಮೂತ್ರದಲ್ಲಿನ ಸೋಡಿಯಂ ಅಳೆದು ಔಷಧದ ಪ್ರಮಾಣ ಏರಿಸುವ ಕ್ರಮವನ್ನು ನೆದರ್ಲೆಂಡ್ಸಿನ ಗ್ರೊನಿಂಗೆನ್ ನಗರದಲ್ಲಿ 310 ರೋಗಿಗಳ ಮೇಲೆ ಪರೀಕ್ಷಿಸಿದರು; ಫಲಿತಾಂಶ ಬಂದದ್ದು 2023ರಲ್ಲಿ. ಉಪ್ಪು ಹೆಚ್ಚು ಹೊರಹೋಯಿತು. ಸಾವು ಅಥವಾ ಮರುದಾಖಲಾತಿ ಕಡಿಮೆಯಾಗಲಿಲ್ಲ. ಅಮೆರಿಕದ ‘ಗೈಡ್-ಐಟಿ’ ಪ್ರಯೋಗದಲ್ಲಿ ಎನ್‌ಟಿ-ಪ್ರೊಬಿಎನ್‌ಪಿಯನ್ನು 1,000ಕ್ಕಿಂತ ಕೆಳಗಿಳಿಸುವುದೇ ಗುರಿ ಎಂದಿಟ್ಟುಕೊಂಡು ಒಂದು ಗುಂಪಿಗೆ ಚಿಕಿತ್ಸೆ ಕೊಟ್ಟರು. 894 ಜನ ಸೇರಿದ ಮೇಲೆ, ಪ್ರಯೋಜನ ಕಾಣುವ ಸಾಧ್ಯತೆಯಿಲ್ಲವೆಂದು ಅದನ್ನು ನಿಲ್ಲಿಸಬೇಕಾಯಿತು. 2017ರಲ್ಲಿ ವರದಿಯಾದಂತೆ ಎರಡೂ ಗುಂಪುಗಳಲ್ಲಿ ಶೇ. 37ರಷ್ಟು ಜನ ಸಾವು ಅಥವಾ ಆಸ್ಪತ್ರೆಯ ದಾರಿ ಹಿಡಿದಿದ್ದರು. ಪಾಂಪ್ಲೋನಾದ ನಾರಿನ ಗುರುತನ್ನೇ ಮತ್ತೆ ಅಳೆದ ಸ್ಪೇನಿನ ‘ಟೊರಾಫಿಕ್’ ಪ್ರಯೋಗದಲ್ಲಿ, 2011ರಲ್ಲಿ, ನಿಧಾನವಾಗಿ ಬಿಡುಗಡೆಯಾಗುವ ಟಾರ್ಸೆಮೈಡಿಗೂ ಫ್ಯೂರೊಸೆಮೈಡಿಗೂ ಪಿಐಸಿಪಿಯಲ್ಲೇ ವ್ಯತ್ಯಾಸ ಸಿಗಲಿಲ್ಲ.

ಸೂಚಕವನ್ನು ಫಲವೆಂದು ತಿಳಿದರೆ ಏನಾಗಬಹುದೆಂಬುದಕ್ಕೆ ಹೃದಯಶಾಸ್ತ್ರದ ಅತ್ಯಂತ ನೋವಿನ ಪಾಠ 1989ರದು. ಹೃದಯಾಘಾತದ ನಂತರ ಲಯತಪ್ಪಿದ ಬಡಿತಗಳು ಹೆಚ್ಚಿದ್ದವರು ಹೆಚ್ಚು ಸಾಯುತ್ತಿದ್ದರು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳು ಆ ಬಡಿತಗಳನ್ನು ಅಡಗಿಸುತ್ತಿದ್ದವು. ಆದ್ದರಿಂದ ಜೀವ ಉಳಿಸುತ್ತವೆ ಎಂಬುದು ಎಲ್ಲರಿಗೂ ಸಹಜವಾಗಿ ಹೊಳೆದ ಅನುಮಾನ. ‘ಕಾಸ್ಟ್’ ಪ್ರಯೋಗ ಅದನ್ನು ಪರೀಕ್ಷೆಗೆ ಒಡ್ಡಿತು. ಔಷಧ ಪಡೆದ 755 ಜನರಲ್ಲಿ 63 ಮಂದಿ ಸತ್ತರು. ಔಷಧವಿಲ್ಲದ ಮಾತ್ರೆ ಪಡೆದ 743 ಜನರಲ್ಲಿ 26 ಮಂದಿ. ಅದೇ 1989ರಲ್ಲಿ ಸಂಖ್ಯಾಶಾಸ್ತ್ರಜ್ಞ ರಾಸ್ ಪ್ರೆಂಟಿಸ್ ಒಂದು ಕಟ್ಟುನಿಟ್ಟಾದ ನಿಯಮವನ್ನು ಮುಂದಿಟ್ಟರು: ಔಷಧದ ಪರಿಣಾಮ ಪೂರ್ತಿಯಾಗಿ ಆ ಸೂಚಕದ ಮೂಲಕವೇ ಹಾಯುತ್ತಿದ್ದರೆ ಮಾತ್ರ ಸೂಚಕ ಫಲದ ಬದಲು ನಿಲ್ಲಬಲ್ಲದು. ಮಿಥಿಲೆಯ ನೈಯಾಯಿಕ ಗಂಗೇಶ 14ನೇ ಶತಮಾನದಲ್ಲಿ ಉಪಾಧಿಯ ಬಗ್ಗೆ ಬರೆದದ್ದನ್ನು ಪಕ್ಕದಲ್ಲಿಟ್ಟು ಓದಿದರೆ ಇಬ್ಬರೂ ಒಂದೇ ಬಿರುಕನ್ನು ಮುಚ್ಚಲು ಕೂತವರೆಂದು ತಿಳಿಯುತ್ತದೆ.

ಇಷ್ಟಾದ ಮೇಲೆ ಸೂಚಕಗಳನ್ನೇ ಎಸೆದುಬಿಡೋಣ ಎನ್ನುವವರಿದ್ದಾರೆ. ಆ ವಾದಕ್ಕೂ ಹಳೆಯ ಕುಲವಿದೆ. ವಿಜಯನಗರದ ಕಾಲದಲ್ಲಿ ಮಾಧವ ಬರೆದ ‘ಸರ್ವದರ್ಶನಸಂಗ್ರಹ’ ಮೊದಲಿಗೆ ನಿರೂಪಿಸುವುದು ಚಾರ್ವಾಕ ದರ್ಶನವನ್ನು. ಕಣ್ಣಿಗೆ ಬೀಳುವುದು ಈಗಿನ ಹೊಗೆ, ಈಗಿನ ಬೆಂಕಿ; ಹಿಂದಿನ, ಮುಂದಿನ, ದೂರದ ಹೊಗೆಗಳನ್ನೆಲ್ಲ ಕಂಡವರಾರು? ಕಾಣದ ಉಪಾಧಿಯೊಂದು ಎಲ್ಲೋ ಅಡಗಿಲ್ಲವೆಂದು ಹೇಳುವವರಾರು? ಹಾಗಾಗಿ ಪ್ರತ್ಯಕ್ಷ ಬಿಟ್ಟು ಅರಿವಿಗೆ ಬೇರೆ ಪ್ರಮಾಣವಿಲ್ಲ ಎನ್ನುತ್ತದೆ ಆ ವಾದ. ‘ಕಾಸ್ಟ್’ ಕಂಡವರಿಗೆ ಇದು ಹಗುರವಾದ ಮಾತಲ್ಲ.

ಹತ್ತನೇ ಶತಮಾನದ ನೈಯಾಯಿಕ ಉದಯನ ಕೊಟ್ಟ ಉತ್ತರ ಇನ್ನೂ ಹಳತಾಗಿಲ್ಲ. ಸಂಶಯಕ್ಕೂ ಒಂದು ಗಡಿಯಿದೆ. ಸಂಶಯ ಪಡುವವನ ಸ್ವಂತ ನಡತೆಯೇ ಆ ಸಂಶಯವನ್ನು ಸುಳ್ಳು ಮಾಡುವಲ್ಲಿ ಅದು ನಿಲ್ಲಬೇಕು. ಅನುಮಾನವನ್ನು ಪೂರ್ತಿ ಬಿಟ್ಟವನು ಹಸಿವಾದಾಗ ಅನ್ನಕ್ಕೂ ಕೈ ಹಾಕುವಂತಿಲ್ಲ. ತುರ್ತು ಘಟಕದ ವೈದ್ಯನಿಗೆ ಹದಿನೇಳು ತಿಂಗಳು ಕಾಯುವ ಅವಕಾಶವಿಲ್ಲ. ಅವನ ಮುಂದೆ ಉಸಿರು ಕಟ್ಟಿದ ಮನುಷ್ಯನಿದ್ದಾನೆ, ಕೈಯಲ್ಲಿ ರಕ್ತದ ವರದಿಯಿದೆ. ಅದನ್ನು ನೋಡಿ ಅವನು ನಿರ್ಧರಿಸಲೇಬೇಕು. ಸೂಚಕದಿಂದ ರೋಗ ತಿಳಿಯುವುದು, ಯಾರಿಗೆ ಅಪಾಯ ಹೆಚ್ಚೆಂದು ಗುರುತಿಸುವುದು, ಯಾವ ಹೊಸ ಔಷಧವನ್ನು ದೊಡ್ಡ ಪ್ರಯೋಗಕ್ಕೆ ಒಯ್ಯಬೇಕೆಂದು ಆರಿಸುವುದು ಇವೆಲ್ಲ ನ್ಯಾಯವಾದ ಬಳಕೆಗಳು. ಎರಡು ಔಷಧಗಳಲ್ಲಿ ಮೇಲು ಯಾವುದೆಂಬ ಕೊನೆಯ ತೀರ್ಪನ್ನು ಅದರ ಕೈಗೆ ಕೊಡುವುದು ಅನ್ಯಾಯ.

ತೀರ್ಪು ಕೊಡಬೇಕಾದದ್ದು ಫಲ. ಜ್ಞಾನ ನಿಜವೋ ಅಲ್ಲವೋ ಎಂಬುದು ಅದನ್ನು ನಂಬಿ ನಡೆದಾಗ ಸಿಗುವ ಫಲದಿಂದ ತಿಳಿಯುತ್ತದೆ ಎಂದು ನೈಯಾಯಿಕರು ಹೇಳುತ್ತಾರೆ: ದೂರದಲ್ಲಿ ಹೊಳೆದದ್ದು ನೀರೇ ಹೌದೆಂಬುದು ಹೋಗಿ ಕುಡಿದು ಬಾಯಾರಿಕೆ ತೀರಿದಾಗ ಖಚಿತವಾಗುತ್ತದೆ. ಆದರೆ ಹೃದಯ ವೈಫಲ್ಯದ ರೋಗಿಗೆ ಫಲವೆಂದರೆ ಯಾವುದು? ‘ಟ್ರಾನ್ಸ್‌ಫಾರ್ಮ್-ಎಚ್‌ಎಫ್’ ಮೊದಲಿಗೆ ಎಣಿಸಿದ್ದು ಸಾವನ್ನು. ಎಪ್ಪತ್ತೈದರ ಅಜ್ಜಿಯೊಬ್ಬರು ಕೇಳುವುದು ಬೇರೆಯೇ ಇರಬಹುದು: ಎರಡು ದಿಂಬು ಬಿಟ್ಟು ಒಂದರ ಮೇಲೆ ಮಲಗಬಹುದೇ, ಮೆಟ್ಟಿಲು ಹತ್ತಿ ದೇವರಮನೆಗೆ ಹೋಗಬಹುದೇ, ಮದುವೆಮನೆಯಲ್ಲಿ ಗಳಿಗೆಗೊಮ್ಮೆ ಮೂತ್ರಕ್ಕೆ ಏಳದೆ ಕೂರಬಹುದೇ. ಬಲವನ್ನು ದೈಹಿಕ ಶ್ರಮದ ಶಕ್ತಿಯಿಂದ ಅನುಮಾನಿಸಬೇಕೆಂದು ಚರಕಸಂಹಿತೆಯ ವಿಮಾನಸ್ಥಾನ ವೈದ್ಯನಿಗೆ ಹೇಳುತ್ತದೆ. ಇಂದಿಗೂ ಹೃದಯ ವೈಫಲ್ಯದ ತೀವ್ರತೆಯನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುವುದು, ಎಷ್ಟು ಶ್ರಮಕ್ಕೆ ಉಸಿರು ಕಟ್ಟುತ್ತದೆ ಎಂಬುದನ್ನು ನೋಡಿಯೇ.

ಇಲ್ಲಿ ಉಡುಪಿಯ ಮಧ್ವಾಚಾರ್ಯರ ಒಂದು ವಿಚಾರ ನೆರವಿಗೆ ಬರುತ್ತದೆ. ಹೊರಗಿನ ಇಂದ್ರಿಯಗಳೂ ಮನಸ್ಸೂ ತಪ್ಪಬಹುದು. ಆದರೆ ತನ್ನ ಸುಖ ದುಃಖಗಳನ್ನು ಜೀವ ಸಾಕ್ಷಿ ಎಂಬ ತನ್ನೊಳಗಿನ ಅರಿವಿನ ಶಕ್ತಿಯಿಂದ ನೇರವಾಗಿ ಅರಿಯುತ್ತದೆ, ಆ ಅರಿವಿಗೆ ಬಾಧೆಯಿಲ್ಲ ಎಂದರು ಅವರು. ದ್ವೈತ ಸಿದ್ಧಾಂತವನ್ನು ಒಪ್ಪದವರೂ ಇದರಲ್ಲಿ ವೈದ್ಯಕ್ಕೆ ಬೇಕಾದ ತಿರುಳನ್ನು ಕಾಣಬಹುದು. ಏಕೆ ಉಸಿರು ಕಟ್ಟುತ್ತಿದೆ ಎಂಬ ವಿಷಯದಲ್ಲಿ ರೋಗಿ ತಪ್ಪಬಹುದು. ಉಸಿರು ಕಟ್ಟುತ್ತಿದೆ ಎಂಬ ವಿಷಯದಲ್ಲಿ ಅವನ ಮಾತನ್ನು ತಳ್ಳಿಹಾಕುವ ಅಧಿಕಾರ ಯಾವ ಪಿಕೋಗ್ರಾಂಗೂ ಇಲ್ಲ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 2000ದ ಹೊತ್ತಿಗೆ ಸಿದ್ಧವಾದ 23 ಪ್ರಶ್ನೆಗಳ ಪಟ್ಟಿಯೊಂದು ಈ ಸಾಕ್ಷಿಯನ್ನು ಸಂಶೋಧನೆಯೊಳಗೆ ತಂದಿದೆ: ಸ್ನಾನ ಮಾಡುವುದು, ನಡೆಯುವುದು, ಕಾಲು ಊದುವುದು, ಕೂತೇ ನಿದ್ದೆ ಮಾಡಬೇಕಾಗುವುದು ಎಲ್ಲವನ್ನೂ ಅದು ರೋಗಿಯನ್ನೇ ಕೇಳುತ್ತದೆ. ‘ಟ್ರಾನ್ಸ್‌ಫಾರ್ಮ್-ಎಚ್‌ಎಫ್’ನಲ್ಲಿ ಅದನ್ನೂ ಕೇಳಿದರು. ಅಲ್ಲೂ ಎರಡು ಮಾತ್ರೆಗಳು ಸಮಸಮ.

ಫ್ಯೂರೊಸೆಮೈಡ್, ಟಾರ್ಸೆಮೈಡ್‌ನಂಥ ಮೂತ್ರವರ್ಧಕಗಳ ವಿಷಯದಲ್ಲಿ ಇನ್ನೊಂದು ಸಂಗತಿ ಯೋಚನೆಗೆ ಹಚ್ಚುತ್ತದೆ. ಅವನ್ನು ಬರಿಯ ಸಕ್ಕರೆ ಮಾತ್ರೆಯ ಜೊತೆ ಹೋಲಿಸಿ ಆಯುಷ್ಯ ಹೆಚ್ಚುತ್ತದೆಯೇ ಎಂದು ನೋಡಿದ ದೊಡ್ಡ ಪ್ರಯೋಗವೇ ನಡೆದಿಲ್ಲ. ಆದರೂ ಎಲ್ಲ ಮಾರ್ಗಸೂಚಿಗಳೂ ಮೈಯಲ್ಲಿ ನೀರು ನಿಂತವರಿಗೆ ಅವನ್ನು ಕೊಡಲೇಬೇಕೆನ್ನುತ್ತವೆ. ಬಾತ ಕಾಲು ಇಳಿದು, ರಾತ್ರಿಯೆಲ್ಲ ಕೂತಿದ್ದವನು ಮಲಗಿ ನಿದ್ರಿಸುವುದನ್ನು ವೈದ್ಯ, ರೋಗಿ, ಮನೆಯವರು ಎಲ್ಲರೂ ಕಾಣುತ್ತಾರೆ. ಇದು ಪ್ರತ್ಯಕ್ಷ. ಮೂತ್ರವರ್ಧಕ ಬೇಕೇ ಎಂಬ ಪ್ರಶ್ನೆಗೆ ಪ್ರತ್ಯಕ್ಷವೇ ಸಾಕು. ಎರಡರಲ್ಲಿ ಯಾವುದು ಎಂಬುದಕ್ಕೆ ಸಾಲದು, ಏಕೆಂದರೆ ಇಬ್ಬರು ರೋಗಿಗಳ ನಡುವಿನ ನೂರು ವ್ಯತ್ಯಾಸಗಳಲ್ಲಿ ಮಾತ್ರೆಯ ಪಾಲು ಎಷ್ಟೆಂದು ಬರಿಗಣ್ಣಿಗೆ ಕಾಣುವುದಿಲ್ಲ. ‘ಟೋರಿಕ್’ನಲ್ಲಿ ಯಾದೃಚ್ಛಿಕ ಹಂಚಿಕೆ ಇರಲಿಲ್ಲ, ಅಲ್ಲಿ ಕಂಡ ಸಾವಿನ ಅಂತರ ಔಷಧದ್ದೋ ರೋಗಿಗಳದ್ದೋ ಎಂದು ಬಿಡಿಸುವುದು ಅದರಿಂದಲೇ ಆಗದ ಮಾತಾಯಿತು.

ವ್ಯತ್ಯಾಸವಿಲ್ಲ ಎಂಬ ಉತ್ತರವನ್ನು ಸೋಲೆಂದು ಓದುವವರಿದ್ದಾರೆ. ಅದು ಮನೆಮನೆಗೂ ಮುಟ್ಟುವ ಲಾಭ. ಅಗ್ಗದ ಫ್ಯೂರೊಸೆಮೈಡ್ ನುಂಗುತ್ತಿರುವವರು ತಮಗೆ ಕೀಳು ಔಷಧ ಸಿಗುತ್ತಿದೆ ಎಂದು ಕೊರಗಬೇಕಿಲ್ಲ. ಕರುಳು ಬಾತು ಅದು ಹೀರಲ್ಪಡದವರಿಗೆ ಟಾರ್ಸೆಮೈಡಿಗೆ ಬದಲಾಯಿಸಲು ವೈದ್ಯರಿಗೆ ಅಡ್ಡಿಯೂ ಇಲ್ಲ. ಮಾತ್ರೆಯ ಹೆಸರಿಗೆ ಕೊಡುತ್ತಿದ್ದ ಗಮನವನ್ನು ಈಗ ಸರಿಯಾದ ಪ್ರಮಾಣಕ್ಕೆ, ದಿನವೂ ಬೆಳಿಗ್ಗೆ ತೂಕ ನೋಡುವುದಕ್ಕೆ, ಆಯುಷ್ಯ ಹೆಚ್ಚಿಸುತ್ತವೆಂದು ಸಾಬೀತಾದ ಇತರ ಔಷಧಗಳು ತಪ್ಪದಂತೆ ನೋಡಿಕೊಳ್ಳುವುದಕ್ಕೆ ತಿರುಗಿಸಬಹುದು. ಅವುಗಳಲ್ಲಿ ಸ್ಪೈರೊನೊಲ್ಯಾಕ್ಟೋನ್ ಕೂಡ ಒಂದು. ತೀವ್ರ ಹೃದಯ ವೈಫಲ್ಯದ 1,663 ಜನರ ಮೇಲೆ ನಡೆದ 1999ರ ‘ರೇಲ್ಸ್’ ಪ್ರಯೋಗದಲ್ಲಿ ಅದು ಸಾವಿನ ಅಪಾಯವನ್ನು ಶೇ. 30ರಷ್ಟು ತಗ್ಗಿಸಿತ್ತು.

ಮುಂದೆಯೂ ಹೊಸ ಮೂತ್ರವರ್ಧಕಗಳು, ಹೊಸ ಸೂಚಕಗಳು ಬರುತ್ತವೆ. ಸಣ್ಣ ಅಧ್ಯಯನವೊಂದು ಬೇಗ ಮುಗಿಯುವುದು, ಖರ್ಚು ಕಡಿಮೆಯಾಗುವುದು ಸೂಚಕದಿಂದಲೇ. ಆ ಆಸೆಯನ್ನು ಸಂಶೋಧಕರು ಬಿಡಲಾರರು, ಬಿಡಬೇಕಾಗಿಯೂ ಇಲ್ಲ. ಆದರೆ ಅವರ ವರದಿಯನ್ನು ಓದುವ ವೈದ್ಯರು, ಔಷಧಕ್ಕೆ ಒಪ್ಪಿಗೆ ಕೊಡುವ ಅಧಿಕಾರಿಗಳು, ಹಣ ತೆರುವ ಕುಟುಂಬಗಳು ಕೇಳಲೇಬೇಕಾದ ಪ್ರಶ್ನೆಗಳು ಮೂರಿವೆ. ಸಂಖ್ಯೆ ಇಳಿದದ್ದು ಯಾವ ದಾರಿಯಿಂದ? ಆ ದಾರಿಯಲ್ಲಿ ನಡೆದವರು ಎಷ್ಟು ಕಾಲ ಬದುಕಿದರು? ಆ ದಿನಗಳು ಹೇಗಿದ್ದವೆಂದು ಅವರೇ ಏನು ಹೇಳಿದರು? ಮೊದಲನೆಯದಕ್ಕೆ ಪ್ರಯೋಗಾಲಯ ಉತ್ತರಿಸಬಲ್ಲದು. ಉಳಿದೆರಡಕ್ಕೆ ಉತ್ತರ ಬೇಕಾದರೆ, ಅಮೆರಿಕದ ಆ 2,859 ಜನರಂತೆ ತಮ್ಮ ದೇಹವನ್ನೂ ಕಾಲವನ್ನೂ ಕೊಡುವ ರೋಗಿಗಳು ಬೇಕು. ಯಾವುದನ್ನು ಫಲವೆಂದು ಎಣಿಸಬೇಕೆಂಬ ಮಾತುಕತೆಯಲ್ಲಿ, ಪ್ರಯೋಗ ಶುರುವಾಗುವ ಮೊದಲೇ, ಅವರಿಗೂ ಕುರ್ಚಿ ಹಾಕಬೇಕು.